ನಿಮ್ಮ ಕನ್ನಡ ಸೈಟನ್ನ ಯಾವತ್ತಾದ್ರೂ ಕಣ್ಣು ಮುಚ್ಚಿ ಕೇಳಿದ್ದೀರಾ?

"ಏನಪ್ಪಾ, ನಿನ್ನ ಸೈಟು ನಂಗೆ ಪೌಂಡ್ ಲೆಕ್ಕ ಒಪ್ಪಿಸ್ತಿದೆ, ಸಂಘದವ್ರು ಲಂಡನ್ನಲ್ಲಿ ಬ್ರಾಂಚ್ ಏನಾದ್ರೂ ತೆಗೆದ್ರಾ?"

ಹೀಗೆ ಫೋನ್ ಮಾಡಿ ಕೇಳಿದ್ದು ನಮ್ಮ ಕಡೆಯ ಒಬ್ರು ರಿಟೈರ್ಡ್ ಇತಿಹಾಸದ ಮೇಷ್ಟ್ರು. ಅವ್ರಿಗೆ ಕಣ್ಣು ಪೂರ್ತಿ ಹೋಗಿ ಹತ್ತು ವರ್ಷದ ಮೇಲಾಯ್ತು, ಫೋನಲ್ಲಿ ಪರದೆ ಮೇಲಿರೋದನ್ನ ಗಟ್ಟಿಯಾಗಿ ಓದಿ ಹೇಳೋ ಟಾಕ್‌ಬ್ಯಾಕ್ ಹಾಕ್ಕೊಂಡು ಪೇಪರ್ ಓದ್ತಾರೆ, ಕರೆಂಟ್ ಬಿಲ್ ಕಟ್ತಾರೆ, ಮೊಮ್ಮಗನಿಗೆ ವಾಟ್ಸಾಪಲ್ಲಿ ಬೈತಾರೆ. ನಾನು ಆಗಷ್ಟೇ ಒಂದು ಸಹಕಾರ ಸಂಘಕ್ಕೆ ಸೈಟ್ ಮಾಡಿಕೊಟ್ಟಿದ್ದೆ, ನೋಡೋಕೆ ಚೆನ್ನಾಗೇ ಇತ್ತು, ದುಡ್ಡೂ ಬಂದಿತ್ತು, ಕೆಲಸ ಮುಗೀತು ಅನ್ಕೊಂಡಿದ್ದೆ. ಮೇಷ್ಟ್ರು ಅದೇ ಸಂಘದ ಮೆಂಬರು, ಮಹಾಸಭೆ ಯಾವತ್ತು ಅಂತ ತಿಳ್ಕೊಳ್ಳೋಕೆ ನೋಟಿಸ್ ಓಪನ್ ಮಾಡಿದಾರೆ, ಫೋನು "ಪಿ, ಎ, ಪೌಂಡ್, ಎ, ಕ್ಯೂ, ಎ" ಅಂತ ಬಡಬಡಿಸಿದೆ.

ಇದು ಯಾಕೆ ಹೀಗಾಯ್ತು ಅಂತ ಹುಡುಕೋಕೆ ಹೋಗಿ ನಾನು ಕಲಿತಿದ್ದನ್ನೆಲ್ಲ ಇಲ್ಲಿ ಬರೀತಿದೀನಿ. ಇಂಗ್ಲಿಷಲ್ಲಿ ಆಕ್ಸೆಸಿಬಿಲಿಟಿ, ಅಂದ್ರೆ ಕಣ್ಣು ಕಿವಿ ಕೈ ತೊಂದ್ರೆ ಇರೋರೂ ಬಳಸೋ ಹಾಗೆ ಸೈಟ್ ಮಾಡೋದು, ಅದರ ಬಗ್ಗೆ ಗೈಡ್‌ಗಳು ಸಾವಿರ ಇವೆ, ಒಳ್ಳೇವೂ ಇವೆ, ಆದ್ರೆ ಕನ್ನಡ ಸೈಟಿಗೇ ಅಂತ ಇರೋ ಕಾಯಿಲೆಗಳು ಅವುಗಳಲ್ಲಿ ಇರಲ್ಲ, ಹಾಗಾಗಿ ಅದರಿಂದಾನೇ ಶುರು ಮಾಡ್ತೀನಿ, ಮಿಕ್ಕಿದ್ದು ಆಮೇಲೆ.

ಮೊದ್ಲು ಕೇಳಿ, ಆಮೇಲೆ ಕೋಡ್ ಮುಟ್ಟಿ

ಏನೂ ಬದಲಾಯಿಸೋಕೆ ಮುಂಚೆ ಸ್ಕ್ರೀನ್ ರೀಡರ್ (ಪರದೆ ಓದಿ ಹೇಳೋ ಸಾಫ್ಟ್‌ವೇರ್) ಹಾಕ್ಕೊಂಡು ನಿಮ್ಮ ಸೈಟನ್ನ ಕೇಳಿ. ವಿಂಡೋಸ್ ಇದ್ರೆ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಡೌನ್‌ಲೋಡ್ ಮಾಡ್ಕೊಳ್ಳಿ, ಪೂರ್ತಿ ಫ್ರೀ, ಓಪನ್ ಸೋರ್ಸ್, 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದ್ದು, ಅವ್ರಿಗೂ ಕಣ್ಣು ಕಾಣಲ್ಲ. ಇದರ ಜೊತೇಲೇ ಬರೋ ಇಸ್ಪೀಕ್ ಅನ್ನೋ ದನಿಯಲ್ಲಿ ಕನ್ನಡ ಇದೆ, ರೋಬೋಟ್ ಮೂಗು ಹಿಡ್ಕೊಂಡು ಮಾತಾಡಿದ ಹಾಗೆ ಕೇಳಿಸುತ್ತೆ, ಆದ್ರೆ ಕೆಲ್ಸಕ್ಕೆ ಸಾಕು. ಆಂಡ್ರಾಯ್ಡ್ ಫೋನಲ್ಲಿ ಟಾಕ್‌ಬ್ಯಾಕ್ ಇದ್ದೇ ಇರುತ್ತೆ, ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಒಳಗೆ ನೋಡಿ, ಗೂಗಲ್‌ದು ಕನ್ನಡ ದನಿ ಇಸ್ಪೀಕ್‌ಗಿಂತ ಎಷ್ಟೋ ಪಾಲು ಚೆನ್ನಾಗಿದೆ. ಐಫೋನಲ್ಲಿ ವಾಯ್ಸ್‌ಓವರ್.

ಒಂದು ಎಚ್ಚರಿಕೆ. ಟಾಕ್‌ಬ್ಯಾಕ್ ಆನ್ ಆದ ತಕ್ಷಣ ಫೋನು ನಿಮ್ಮ ಮಾತು ಕೇಳಲ್ಲ. ಒಂದ್ಸಲ ಮುಟ್ಟಿದ್ರೆ ಓದುತ್ತೆ ಅಷ್ಟೇ, ಒತ್ತಬೇಕು ಅಂದ್ರೆ ಎರಡು ಸಲ ತಟ್ಟಬೇಕು, ಸ್ಕ್ರೋಲ್ ಮಾಡೋಕೆ ಎರಡು ಬೆರಳು ಬೇಕು, ಬಲಕ್ಕೆ ಸ್ವೈಪ್ ಮಾಡಿದ್ರೆ ಮುಂದಿನ ಐಟಂ. ನಾನು ಮೊದಲ ಸಲ ಆನ್ ಮಾಡಿ ಆಫ್ ಮಾಡೋಕೆ ಬರ್ದೆ ಫೋನೇ ಸ್ವಿಚ್ ಆಫ್ ಮಾಡಿದ್ದೆ, ನಗಬೇಡಿ. ಕಂಪ್ಯೂಟರಲ್ಲಾದ್ರೆ ಕಂಟ್ರೋಲ್ ಒತ್ತಿದ್ರೆ ಮಾತು ನಿಲ್ಲುತ್ತೆ, ಇನ್ಸರ್ಟ್ ಜೊತೆ ಕ್ಯೂ ಒತ್ತಿದ್ರೆ ಎನ್‌ವಿಡಿಎನೇ ನಿಲ್ಲುತ್ತೆ, ಇವೆರಡು ಗೊತ್ತಿದ್ರೆ ಭಯ ಇಲ್ಲ. ಆಫೀಸಲ್ಲಿ ಕೂತು ಸದ್ದು ಮಾಡೋ ಹಾಗಿಲ್ಲ ಅಂದ್ರೆ ಅದರ ಟೂಲ್ಸ್ ಮೆನುವಲ್ಲಿ ಸ್ಪೀಚ್ ವ್ಯೂವರ್ ಅಂತ ಇದೆ, ಏನು ಮಾತಾಡ್ತಿದೆ ಅನ್ನೋದನ್ನ ಬರಹದಲ್ಲೇ ತೋರಿಸುತ್ತೆ.

ಈಗ ಮಾನಿಟರ್ ಆಫ್ ಮಾಡಿ, ಒಂದೇ ಒಂದು ಕೆಲಸ ಮುಗಿಸೋಕೆ ಟ್ರೈ ಮಾಡಿ. ಸಂಘದ ಸೈಟಾದ್ರೆ ಒಂದು ವರ್ಷದ ಠೇವಣಿಗೆ ಬಡ್ಡಿ ಎಷ್ಟು ಅಂತ ಹುಡುಕಿ. ಅಂಗಡಿ ಸೈಟಾದ್ರೆ ಒಂದು ಕೆಜಿ ಬೆಲ್ಲ ಆರ್ಡರ್ ಮಾಡಿ. ಎಲ್ಲಿ ಸಿಕ್ಕಾಕ್ಕೊಂಡ್ರಿ ಅನ್ನೋದನ್ನ ಬರ್ಕೊಳ್ಳಿ, ಆ ಚೀಟಿನೇ ನಿಮ್ಮ ಕೆಲಸದ ಪಟ್ಟಿ.

ಪೌಂಡ್ ಕಥೆ

ಸಂಘದ ಗುಮಾಸ್ತರು ನೋಟಿಸನ್ನ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ್ರು. ಆ ಕಾಲದ ಫಾಂಟುಗಳಲ್ಲಿ ಒಳಗಿರೋದು ಕನ್ನಡ ಅಕ್ಷರ ಅಲ್ವೇ ಅಲ್ಲ, ಇಂಗ್ಲಿಷ್ ಅಕ್ಷರ, ಫಾಂಟು ಅದರ ಮೇಲೆ ಕನ್ನಡದ ಮುಖವಾಡ ಹಾಕಿರುತ್ತೆ ಅಷ್ಟೇ. 'ಕನ್ನಡ' ಅನ್ನೋ ಮೂರಕ್ಷರದ ಪದ ಆ ಫೈಲಿನೊಳಗೆ ಪಿ, ತಲೆ ಮೇಲೆ ಗೀಟಿರೋ ಎ, ಪೌಂಡ್ ಚಿಹ್ನೆ, ಮತ್ತೆ ಎ, ಜರ್ಮನ್ನರ ಒಂದು ಎಸ್ಸು, ಕ್ಯೂ, ಮತ್ತೆ ಎ, ಹೀಗೆ ಏಳು ಅಕ್ಷರ. ಕಣ್ಣಿಗೆ ಮುಖವಾಡ ಕಾಣುತ್ತೆ, ಸ್ಕ್ರೀನ್ ರೀಡರ್ ಒಳಗಿರೋದನ್ನ ಓದುತ್ತೆ. ನಮ್ಮ 'ನ' ಅಕ್ಷರಾನೇ ಅಲ್ಲಿ ಪೌಂಡ್, ಕನ್ನಡದಲ್ಲಿ ನಕಾರ ಎಷ್ಟು ಸಲ ಬರುತ್ತೆ ಲೆಕ್ಕ ಹಾಕಿ, ಮೇಷ್ಟ್ರಿಗೆ ಲಂಡನ್ ನೆನಪಾಗಿದ್ದು ಸುಮ್ನೆ ಅಲ್ಲ. ಗೂಗಲ್‌ಗೂ ಇದು ಕನ್ನಡ ಅಂತ ಗೊತ್ತಾಗಲ್ಲ, ಅದಕ್ಕೇ ಹುಡುಕಿದ್ರೂ ಸಿಗಲ್ಲ.

ಪರಿಹಾರ ಕಷ್ಟ ಏನಿಲ್ಲ. ಮೂಲ ಫೈಲ್ ಇಸ್ಕೊಂಡು ಆಸ್ಕಿಯಿಂದ ಯೂನಿಕೋಡ್‌ಗೆ ಕನ್ವರ್ಟ್ ಮಾಡಿ, ಅದರಲ್ಲಿ ಒಳಗೂ ನಿಜವಾದ ಕನ್ನಡ ಅಕ್ಷರಾನೇ ಇರುತ್ತೆ. ನುಡಿಯಲ್ಲೇ ಕನ್ವರ್ಟರ್ ಇದೆ, ಆನ್‌ಲೈನಲ್ಲೂ ಸಿಗುತ್ತೆ. ಆದ್ರೆ ಕನ್ವರ್ಟ್ ಆದ್ಮೇಲೆ ಒಂದ್ಸಲ ಕೂತು ಓದಿ, ಅರ್ಕಾವತ್ತು ಇರೋ ಕಡೆ, ಎರಡೆರಡು ಒತ್ತು ಇರೋ ಕಡೆ ಎಡವಟ್ಟಾಗಿರುತ್ತೆ. ಇನ್ಮುಂದೆ ಟೈಪ್ ಮಾಡೋರಿಗೆ ಕೀಬೋರ್ಡ್ ಲೇಔಟ್ ಅದೇ ಇರುತ್ತೆ, ಯೂನಿಕೋಡ್ ಮೋಡ್ ಒಂದು ಆನ್ ಮಾಡ್ಕೊಳ್ಳಿ ಸಾಕು ಅಂತ ಹೇಳಿ, ಹೊಸದಾಗಿ ಟೈಪಿಂಗ್ ಕಲೀಬೇಕೇನೋ ಅನ್ನೋ ಹೆದರಿಕೆಗೇ ತುಂಬ ಜನ ಬದಲಾಗಿಲ್ಲ.

ಇಲ್ಲಿಗೇ ಮುಗಿಯಲ್ಲ. ಯೂನಿಕೋಡಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ್ರೂ ಕನ್ನಡ ಪಿಡಿಎಫ್‌ಗಳ ಒಳಗೆ ಒತ್ತಕ್ಷರ, ಗುಣಿತ ಚೆಲ್ಲಾಪಿಲ್ಲಿ ಆಗಿರೋದು ಮಾಮೂಲು. ಪರೀಕ್ಷೆ ಸುಲಭ, ಪಿಡಿಎಫಿಂದ ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ, ಅಲ್ಲಿ ಏನು ಕಾಣುತ್ತೋ ಮೇಷ್ಟ್ರ ಕಿವಿಗೆ ಹೋಗೋದೂ ಹೆಚ್ಚುಕಮ್ಮಿ ಅದೇ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದ್ರೆ ಕಾಪಿ ಮಾಡೋಕೇ ಏನೂ ಸಿಗಲ್ಲ, ಅದು ಬರೀ ಫೋಟೋ. ನನ್ನ ಅಭಿಪ್ರಾಯ ಕೇಳಿದ್ರೆ ನೋಟಿಸ್‌ನ ಮಾತನ್ನ ನೇರ ವೆಬ್ ಪೇಜಲ್ಲೇ ಹಾಕಿ, ಸಹಿ ಸೀಲು ಇರೋ ಪಿಡಿಎಫ್ ಬೇಕಾದವ್ರಿಗೆ ಕೆಳಗೊಂದು ಲಿಂಕ್ ಕೊಡಿ. ಪಿಡಿಎಫ್ ರಿಪೇರಿ ಮಾಡ್ತಾ ಕೂರೋದಕ್ಕಿಂತ ಇದು ಹತ್ತು ಪಾಲು ವಾಸಿ.

ಸೊನ್ನೆ ಅಂದ್ರೆ ಯಾವ ಸೊನ್ನೆ

ಇದು ನಂಗೆ ಗೊತ್ತೇ ಇರ್ಲಿಲ್ಲ. ಸೈಟಲ್ಲಿ ಒಂದು ಕಡೆ 'ಬೆ೦ಗಳೂರು' ಅಂತ ಇತ್ತು. ನೋಡೋಕೆ ಸರಿಯಾಗೇ ಇದೆ ಅಲ್ವಾ? ಇಲ್ಲ. ಅಲ್ಲಿ 'ಬೆ' ಆದ್ಮೇಲೆ ಇರೋದು ಅನುಸ್ವಾರ ಅಲ್ಲ, ಕನ್ನಡ ಅಂಕಿ ಸೊನ್ನೆ. ಎರಡೂ ದುಂಡಗೇ ಇರೋದ್ರಿಂದ ಎಷ್ಟೋ ಜನ ಸೊನ್ನೆ ಒತ್ತಿ ಅನುಸ್ವಾರ ಮಾಡ್ಕೊಂಡಿರ್ತಾರೆ, ಕಣ್ಣಿಗೆ ಮೋಸ ಗೊತ್ತಾಗಲ್ಲ, ಕಿವಿಗೆ ಮಾತ್ರ ಪದ ಮಧ್ಯಕ್ಕೆ ಮುರಿದು 'ಬೆ, ಸೊನ್ನೆ, ಗಳೂರು' ಆಗಿಬಿಡುತ್ತೆ. ಇದೇ ಥರ 'ದು:ಖ', 'ಅಂತ:ಕರಣ' ಅಂತ ಬರೆಯುವಾಗ ವಿಸರ್ಗದ ಬದಲು ಕೋಲನ್ ಒತ್ತಿರ್ತಾರೆ, ಓದೋ ದನಿ ಅಲ್ಲಿ 'ದು' ಅಂದು ನಿಂತು ಉಸಿರು ತಗೊಂಡು 'ಖ' ಅನ್ನುತ್ತೆ, ದುಃಖದ ವಿಷ್ಯ ಓದುವಾಗಲೂ ನಗು ಬರುತ್ತೆ.

ಸರಿ ಮಾಡೋದು ಹೇಗಂದ್ರೆ, ಡೇಟಾಬೇಸಲ್ಲಿ ಹುಡುಕಿ ಬದಲಾಯಿಸೋದು. ಕನ್ನಡ ಅಕ್ಷರ ಆದ್ಮೇಲೆ ಅದಕ್ಕೇ ಅಂಟ್ಕೊಂಡಿರೋ ಕನ್ನಡ ಸೊನ್ನೆ ಇದ್ರೆ ಅನುಸ್ವಾರ ಮಾಡಿ, ಅಂಕಿ ಜೊತೆ ಇರೋ ಸೊನ್ನೆ ಮುಟ್ಟಬೇಡಿ, ಇಲ್ಲಾಂದ್ರೆ ೧೦೦ ರೂಪಾಯಿ ಹೋಗಿ ಇನ್ನೇನೋ ಆಗುತ್ತೆ. ಎರಡು ಕನ್ನಡ ಅಕ್ಷರದ ಮಧ್ಯೆ ಜಾಗ ಇಲ್ದೆ ಕೂತಿರೋ ಕೋಲನ್ ಸಿಕ್ಕಿದ್ರೆ ಅದು ಬಹುಪಾಲು ವಿಸರ್ಗ, ಆದ್ರೂ ಒಂದೊಂದೇ ನೋಡಿ ಬದಲಾಯಿಸಿ, 'ಸ್ಥಳ:ಸಂಘದ ಕಚೇರಿ' ಅಂತ ಜಾಗ ಬಿಡ್ದೆ ಟೈಪ್ ಮಾಡೋ ಪುಣ್ಯಾತ್ಮರೂ ಇದಾರೆ.

ಹ್ರಸ್ವರೂಪಗಳ ಬಗ್ಗೆನೂ ಒಂದು ಮಾತು. 'ತಾ' ಅಂತ ಬರೆದು ಚುಕ್ಕಿ ಇಟ್ರೆ ತಾರೀಖೋ ತಾಲ್ಲೂಕೋ ಅಂತ ಮನುಷ್ಯರಿಗೇ ಗೊತ್ತಾಗಲ್ಲ, ಮೆಷಿನ್ನಿಗೆ ಹೇಗೆ ಗೊತ್ತಾಗ್ಬೇಕು. ಪೂರ್ತಿ ಬರೀರಿ, ಪೇಪರ್ ಖರ್ಚೇನಿಲ್ಲ. ಹಬ್ಬದ ಶುಭಾಶಯ ಅಂತ ಹನ್ನೆರಡು ಕೈಮುಗಿಯೋ ಇಮೋಜಿ ಹಾಕ್ತೀರಲ್ಲ, ಅದನ್ನೂ ಒಂದೊಂದೇ ಹೆಸರು ಹೇಳಿ ಓದಿಸ್ಕೋಬೇಕು ಅವ್ರು, ಒಂದು ಸಾಕು.

ಇದು ಕನ್ನಡ ಪೇಜು ಅಂತ ಹೇಳಿದ್ದೀರಾ?

ಪ್ರತಿ ಪೇಜಿನ ಮೊದಲ ಎಚ್‌ಟಿಎಮ್‌ಎಲ್ ಟ್ಯಾಗಲ್ಲಿ ಲ್ಯಾಂಗ್ ಅನ್ನೋ ಆಟ್ರಿಬ್ಯೂಟ್ ಇರುತ್ತೆ, ಅದಕ್ಕೆ ಕೆ, ಎನ್ ಅಂತ ಎರಡಕ್ಷರ ಕೊಡಬೇಕು. ನಮ್ಮಲ್ಲಿ ಟೆಂಪ್ಲೇಟ್ ಇಂಗ್ಲಿಷಿಂದು ತಗೊಂಡು ಕನ್ನಡ ತುಂಬಿಸಿರ್ತೀವಿ, ಮೇಲೆ ಅದು ಇ, ಎನ್ ಅಂತಾನೇ ಉಳ್ಕೊಂಡಿರುತ್ತೆ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿ ಹಿಡ್ಕೊಂಡು ಕನ್ನಡಕ್ಕೆ ಬರುತ್ತೆ, ಕೆಲವು ದನಿಗಳು ಗೊತ್ತಿಲ್ಲದ ಅಕ್ಷರಾನ ಸದ್ದಿಲ್ದೆ ಹಾರಿಸಿಬಿಡ್ತವೆ, ಮಧ್ಯೆ ಬರೋ ಅಂಕಿ ಮಾತ್ರ ಇಂಗ್ಲಿಷಲ್ಲಿ ಕೇಳಿಸುತ್ತೆ. ಮೇಷ್ಟ್ರು ನಂಗೆ ಹೇಳಿದ್ದು, "ಇಡೀ ಪೇಜಲ್ಲಿ ಟ್ವೆಂಟಿ ಟ್ವೆಂಟಿ ಫೋರ್ ಒಂದೇ ಕೇಳಿಸ್ತಪ್ಪ, ಯಾವುದರ ಟ್ವೆಂಟಿ ಫೋರೋ ಆ ದೇವರೇ ಬಲ್ಲ."

ವರ್ಡ್‌ಪ್ರೆಸ್ ಆದ್ರೆ ಕೋಡ್ ಮುಟ್ಟೋದೂ ಬೇಡ, ಸೆಟ್ಟಿಂಗ್ಸ್‌ನ ಜನರಲ್ ಪೇಜಲ್ಲಿ ಸೈಟ್ ಲ್ಯಾಂಗ್ವೇಜ್ ಕನ್ನಡ ಮಾಡಿದ್ರೆ ತಾನೇ ಬರುತ್ತೆ, ಅಡ್ಮಿನ್ ಕನ್ನಡ ಆಗೋದು ಇಷ್ಟ ಇಲ್ಲ ಅಂದ್ರೆ ನಿಮ್ಮ ಪ್ರೊಫೈಲಲ್ಲಿ ಇಂಗ್ಲಿಷ್ ಇಟ್ಕೊಳ್ಳಿ. ಪೇಜಿನ ಮಧ್ಯೆ ಇಂಗ್ಲಿಷ್ ಪ್ಯಾರಾ ಇದ್ರೆ ಆ ಪ್ಯಾರಾಗೆ ಮಾತ್ರ ಇ, ಎನ್ ಕೊಡಿ. ಒಂದೊಂದು ಇಂಗ್ಲಿಷ್ ಪದಕ್ಕೆಲ್ಲ ಹಾಕ್ತಾ ಕೂರಬೇಡಿ, ಪ್ರತಿ ಪದಕ್ಕೂ ದನಿ ಬದಲಾದ್ರೆ ಕೇಳೋರಿಗೆ ತಲೆ ತಿರುಗುತ್ತೆ.

ಪೋಸ್ಟರ್ ಹುಚ್ಚು

ನಮ್ಮವ್ರಿಗೆ ಎಲ್ಲದನ್ನೂ ಪೋಸ್ಟರ್ ಮಾಡೋ ಚಟ. ರಕ್ತದಾನ ಶಿಬಿರ, ಷೇರುದಾರರ ಸಭೆ, ಶ್ರದ್ಧಾಂಜಲಿ, ಯಾವುದೇ ಇರ್ಲಿ, ಹೂವಿನ ಬಾರ್ಡರ್ ಹಾಕಿ ಜೆಪೆಗ್ ಮಾಡಿ ಸೈಟಿಗೆ ಎಸೀತಾರೆ. ಸ್ಕ್ರೀನ್ ರೀಡರ್‌ಗೆ ಅದು 'ಇಮೇಜ್, ವಾಟ್ಸಾಪ್ ಇಮೇಜ್ 2024' ಆಮೇಲೆ ಒಂದಿಪ್ಪತ್ತು ಅಂಕಿ. ಪೋಸ್ಟರ್ ಬೇಡ ಅನ್ನಲ್ಲ, ಅದರಲ್ಲಿರೋ ಮಾತು ಪೂರ್ತಿ ಕೆಳಗೆ ಬರಹದಲ್ಲೂ ಇರ್ಲಿ ಅಂತೀನಿ.

ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್, ಅಂದ್ರೆ ಚಿತ್ರದ ಬದಲು ರೀಡರ್ ಓದೋ ವಿವರಣೆ ಬರೆಯುವಾಗ ನಿಮ್ಮನ್ನ ನೀವೇ ಕೇಳ್ಕೊಳ್ಳಿ, ಫೋನಲ್ಲಿ ಒಬ್ರಿಗೆ ಈ ಪೇಜ್ ಓದಿ ಹೇಳ್ತಿದ್ರೆ ಈ ಚಿತ್ರದ ಬಗ್ಗೆ ಏನು ಹೇಳ್ತಿದ್ದೆ ಅಂತ. ಅಧ್ಯಕ್ಷರ ಫೋಟೋಗೆ 'ಫೋಟೋ' ಅಂತ ಬರೆದ್ರೆ ಉಪಯೋಗ ಇಲ್ಲ, ಅದು ಫೋಟೋ ಅಂತ ರೀಡರೇ ಹೇಳುತ್ತೆ, 'ಹೊಸ ಗೋದಾಮಿನ ಬಾಗಿಲಲ್ಲಿ ಟೇಪು ಕತ್ತರಿಸ್ತಿರೋ ಅಧ್ಯಕ್ಷರು' ಅಂದ್ರೆ ವಿಷ್ಯ ಬಂತು. ಬರೀ ಅಲಂಕಾರದ ಚಿತ್ರ, ಬಳ್ಳಿ, ಗೆರೆ ಇವಕ್ಕೆ ಆಲ್ಟ್ ಖಾಲಿ ಬಿಡಿ, ಖಾಲಿ ಅಂದ್ರೆ ಆಟ್ರಿಬ್ಯೂಟ್ ಇರ್ಬೇಕು, ಒಳಗೇನೂ ಇರ್ಬಾರ್ದು. ಆಟ್ರಿಬ್ಯೂಟೇ ತೆಗೆದುಬಿಟ್ರೆ ಕೆಲವು ರೀಡರ್‌ಗಳು ಫೈಲಿನ ಹೆಸರು ಓದೋಕೆ ಹೊರಡ್ತವೆ.

ಬಡ್ಡಿ ದರದ ಪಟ್ಟಿಯನ್ನೂ ಚಿತ್ರ ಮಾಡಿ ಹಾಕಿದ್ವಿ ನಾವು. ಅದನ್ನ ಸರಿಯಾದ ಟೇಬಲ್ ಮಾಡಿ, ಮೇಲಿನ ಸಾಲು ಮತ್ತು ಎಡಗಡೆ ಕಾಲಮ್ಮಿಗೆ ಮಾಮೂಲು ಟಿಡಿ ಬದಲು ತಲೆಬರಹದ ಟಿಎಚ್ ಟ್ಯಾಗ್ ಕೊಟ್ಟೆ, ಈಗ ಒಂದು ಮನೆಯಿಂದ ಇನ್ನೊಂದಕ್ಕೆ ಹೋದಾಗ 'ಹಿರಿಯ ನಾಗರಿಕರು, ಒಂದು ವರ್ಷ' ಅಂತ ಹೇಳಿ ಆಮೇಲೆ ದರ ಹೇಳುತ್ತೆ. ಮುಂಚೆ ಟೇಬಲ್ ಇದ್ದಿದ್ರೂ ಬರೀ ಅಂಕಿಗಳ ಮಳೆ ಆಗಿರ್ತಿತ್ತು.

ಹೆಡ್ಡಿಂಗು, ಲಿಂಕು

ಕಣ್ಣಿರೋರು ಪೇಜ್ ಮೇಲೆ ಒಂದು ನೋಟ ಹಾಯಿಸ್ತಾರಲ್ಲ, ಕಣ್ಣಿಲ್ಲದವ್ರು ಅದನ್ನೇ ಹೆಡ್ಡಿಂಗಿಂದ ಹೆಡ್ಡಿಂಗಿಗೆ ಹಾರ್ತಾ ಮಾಡ್ತಾರೆ. ಎನ್‌ವಿಡಿಎಯಲ್ಲಿ ಎಚ್ ಒತ್ತಿದ್ರೆ ಮುಂದಿನ ಹೆಡ್ಡಿಂಗು, ಕೆ ಒತ್ತಿದ್ರೆ ಮುಂದಿನ ಲಿಂಕು, ಟಿ ಒತ್ತಿದ್ರೆ ಟೇಬಲ್ಲು. ನೀವು ದೊಡ್ಡಕ್ಷರ ಬೋಲ್ಡ್ ಮಾಡಿ ಹೆಡ್ಡಿಂಗ್ ಥರ ಕಾಣೋ ಹಾಗೆ ಮಾಡಿದ್ರೆ ಅದು ಹೆಡ್ಡಿಂಗ್ ಅಲ್ಲ, ಎಚ್1, ಎಚ್2 ಟ್ಯಾಗೇ ಬೇಕು, ಕ್ರಮವಾಗಿ ಬೇಕು.

ಇನ್ಸರ್ಟ್ ಹಿಡ್ಕೊಂಡು ಎಫ್7 ಒತ್ತಿದ್ರೆ ಪೇಜಲ್ಲಿರೋ ಲಿಂಕುಗಳ ಪಟ್ಟಿ ಬರುತ್ತೆ. ನಂದು ತೆಗೆದು ನೋಡಿದ್ರೆ 'ಇಲ್ಲಿ ಕ್ಲಿಕ್ ಮಾಡಿ' ಹದಿನಾಲ್ಕು ಸಲ. ಯಾವ ಇಲ್ಲಿ? 'ಸಾಲದ ಅರ್ಜಿ ಡೌನ್‌ಲೋಡ್ ಮಾಡಿ', 'ಕಳೆದ ವರ್ಷದ ಆಡಿಟ್ ವರದಿ' ಅಂತ ಲಿಂಕಿನ ಮಾತಲ್ಲೇ ವಿಷ್ಯ ಇರ್ಲಿ, ಇಡೀ ಗೈಡಲ್ಲಿ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ.

ಮೌಸ್ ಕಿತ್ತು ಪಕ್ಕಕ್ಕಿಡಿ

ಕೈ ನಡುಗೋರು, ಒಂದೇ ಕೈಲಿ ಕೆಲ್ಸ ಮಾಡೋರು, ಪಾರ್ಕಿನ್ಸನ್ಸ್ ಇರೋರು ಇವ್ರೆಲ್ಲ ಮೌಸ್ ಬಿಟ್ಟು ಕೀಬೋರ್ಡೇ ನಂಬಿರ್ತಾರೆ, ಸ್ಕ್ರೀನ್ ರೀಡರ್ ಬಳಸೋರೂ ಅಷ್ಟೇ. ಟ್ಯಾಬ್ ಒತ್ತುತ್ತಾ ಹೋಗಿ, ಎಲ್ಲ ಲಿಂಕು ಬಟನ್ನಿಗೂ ಹೋಗಬೇಕು, ಎಲ್ಲಿದೀರಿ ಅನ್ನೋದು ಎದ್ದು ಕಾಣಬೇಕು. ಡಿಸೈನರ್‌ಗಳು ಫೋಕಸ್ ಸುತ್ತ ಬರೋ ಗೆರೆ ಚಂದ ಇಲ್ಲ ಅಂತ ಸಿಎಸ್‌ಎಸ್‌ನಲ್ಲಿ ಔಟ್‌ಲೈನ್ ನನ್ ಮಾಡಿಬಿಡ್ತಾರೆ, ಅದು ರಾತ್ರಿ ರೋಡಲ್ಲಿ ಬೀದಿದೀಪ ಆರಿಸಿದ ಹಾಗೆ, ದಯವಿಟ್ಟು ಆ ಸಾಲು ಹುಡುಕಿ ಅಳಿಸಿ. ಪಾಪ್‌ಅಪ್ ಬಂದ್ರೆ ಎಸ್ಕೇಪ್ ಒತ್ತಿದಾಗ ಮುಚ್ಚಬೇಕು. ಮೆನು ಮೌಸ್ ಇಟ್ರೆ ಮಾತ್ರ ತೆರೆಯೋ ಥರ ಇರ್ಬಾರ್ದು. ಪೇಜಿನ ತಲೇಲಿ 'ನೇರ ವಿಷಯಕ್ಕೆ ಹೋಗಿ' ಅನ್ನೋ ಒಂದು ಲಿಂಕ್ ಇಟ್ರೆ ಪ್ರತಿ ಪೇಜಲ್ಲೂ ಮೆನು ಪೂರ್ತಿ ದಾಟೋ ಕರ್ಮ ತಪ್ಪುತ್ತೆ.

ಬಟನ್ ಬೇಕಾದ್ರೆ ಬಟನ್ ಟ್ಯಾಗೇ ಬಳಸಿ. ಡಿವ್ ಅನ್ನೋ ಬರೀ ಡಬ್ಬಿಗೆ ಬಣ್ಣ ಹಚ್ಚಿ ಕ್ಲಿಕ್ ಕಟ್ಟಿದ್ರೆ ಅದಕ್ಕೆ ಟ್ಯಾಬ್ ಹೋಗಲ್ಲ, ಎಂಟರ್ ಕೇಳಲ್ಲ, ಬಟನ್ ಅಂತ ರೀಡರ್ ಹೇಳಲ್ಲ, ಆಮೇಲೆ ಇದನ್ನೆಲ್ಲ ಸರಿ ಮಾಡೋಕೆ ಆರಿಯಾ ಅನ್ನೋ, ರೀಡರ್‌ಗೆ ಇದು ಏನು ಅಂತ ತಿಳಿಸೋ ಆಟ್ರಿಬ್ಯೂಟ್‌ಗಳನ್ನ ಒಗ್ಗರಣೆ ಥರ ಹಾಕ್ತಾರೆ. ಆರಿಯಾದ ಮೊದಲ ನಿಯಮಾನೇ, ಎಚ್‌ಟಿಎಮ್‌ಎಲ್‌ನಲ್ಲಿ ಆಗೋ ಕೆಲಸಕ್ಕೆ ಆರಿಯಾ ಹಾಕಬೇಡಿ ಅಂತ. ಬಟನ್ ಸೈಜು ಕಮ್ಮಿ ಅಂದ್ರೂ 24 ಪಿಕ್ಸೆಲ್ ಅಗಲ 24 ಪಿಕ್ಸೆಲ್ ಎತ್ತರ ಇರ್ಬೇಕು ಅಂತ ಡಬ್ಲ್ಯುಸಿಎಜಿ 2.2 ಅನ್ನೋ ಆಕ್ಸೆಸಿಬಿಲಿಟಿ ನಿಯಮಾವಳಿ ಹೇಳುತ್ತೆ, ಇದು ವೆಬ್‌ಗೆ ಮಾನದಂಡ ಮಾಡೋ ಡಬ್ಲ್ಯು3ಸಿ ಸಂಸ್ಥೆಯವ್ರು 2023ರ ಅಕ್ಟೋಬರಲ್ಲಿ ತಂದ ಆವೃತ್ತಿ, ಜಗತ್ತೆಲ್ಲ ಇದನ್ನೇ ನೋಡೋದು. ನಾನಂತೂ 44 ಇಡ್ತೀನಿ, ನಮ್ಮಪ್ಪನ ಹೆಬ್ಬೆರಳಿಗೆ 24 ಸಾಲಲ್ಲ.

ಫಾರ್ಮು ಅನ್ನೋ ಅಗ್ನಿಪರೀಕ್ಷೆ

ಜನ ಅರ್ಧಕ್ಕೇ ಕೈ ಬಿಡೋದು ಇಲ್ಲೇ. ಬಾಕ್ಸಿನೊಳಗೆ ತೆಳ್ಳಗೆ 'ನಿಮ್ಮ ಹೆಸರು' ಅಂತ ಪ್ಲೇಸ್‌ಹೋಲ್ಡರ್ ಹಾಕಿ ಲೇಬಲ್ ಬಿಟ್ಟುಬಿಡ್ತೀವಿ, ಟೈಪ್ ಮಾಡೋಕೆ ಶುರು ಮಾಡಿದ ತಕ್ಷಣ ಅದು ಮಾಯ, ವಯಸ್ಸಾದವ್ರಿಗೆ ಇದು ಹೆಸರಿನ ಬಾಕ್ಸೋ ಊರಿನ ಬಾಕ್ಸೋ ಅಂತ ಮರೆತುಹೋಗುತ್ತೆ. ಪ್ರತಿ ಬಾಕ್ಸಿಗೂ ಲೇಬಲ್ ಟ್ಯಾಗ್ ಇರ್ಲಿ, ಅದರ ಫಾರ್ ಆಟ್ರಿಬ್ಯೂಟು ಬಾಕ್ಸಿನ ಐಡಿ ಒಂದೇ ಆಗಿರ್ಲಿ. ತಪ್ಪಾದಾಗ ಬಾಕ್ಸನ್ನ ಬರೀ ಕೆಂಪು ಮಾಡಿದ್ರೆ ಕಣ್ಣಿಲ್ಲದವ್ರಿಗೂ ಗೊತ್ತಾಗಲ್ಲ, ಕೆಂಪು ಹಸಿರು ವ್ಯತ್ಯಾಸ ಕಾಣದವ್ರಿಗೂ ಗೊತ್ತಾಗಲ್ಲ, 'ಮೊಬೈಲ್ ನಂಬರಲ್ಲಿ ಹತ್ತು ಅಂಕಿ ಇರಬೇಕು, ಒಂಬತ್ತು ಇದೆ' ಅಂತ ಮಾತಲ್ಲಿ ಹೇಳಿ.

ಕ್ಯಾಪ್ಚಾ. ಸೊಟ್ಟ ಸೊಟ್ಟ ಅಕ್ಷರದ ಚಿತ್ರ ಹಾಕಿ 'ನೀವು ಮನುಷ್ಯರೇ ಅಂತ ಸಾಬೀತು ಮಾಡಿ' ಅಂದ್ರೆ ಕಣ್ಣು ಕಾಣದವ್ರು ಮನುಷ್ಯರಲ್ಲ ಅಂತಾಯ್ತು. ಆಡಿಯೋ ಕೊಟ್ಟಿದೀವಿ ಅಂತಾರೆ, ಅದು ಗಾಳಿಸದ್ದಿನ ಹಿಂದೆ ಯಾರೋ ಇಂಗ್ಲಿಷಲ್ಲಿ ಗೊಣಗೋದು. ಸಣ್ಣ ಸೈಟುಗಳಿಗೆ ಕ್ಯಾಪ್ಚಾ ಬೇಕೇ ಇಲ್ಲ, ಫಾರ್ಮಲ್ಲಿ ಒಂದು ಬಾಕ್ಸನ್ನ ಕಣ್ಣಿಗೂ ರೀಡರ್‌ಗೂ ಕಾಣದ ಹಾಗೆ ಬಚ್ಚಿಡಿ, ಸ್ಪ್ಯಾಮ್ ಬಾಟ್ ಅದನ್ನೂ ತುಂಬುತ್ತೆ, ತುಂಬಿ ಬಂದಿದ್ದನ್ನ ಕಸಕ್ಕೆ ಹಾಕಿ. ನಮ್ಮ ಸಂಘದ ಸೈಟಿಗೆ ಇದೇ ಸಾಕಾಯ್ತು. ಪಾಸ್‌ವರ್ಡ್, ಒಟಿಪಿ ಬಾಕ್ಸಲ್ಲಿ ಪೇಸ್ಟ್ ಬ್ಲಾಕ್ ಮಾಡಬೇಡಿ, ಒಟಿಪಿಗೆ ಮೂವತ್ತು ಸೆಕೆಂಡ್ ಕೊಟ್ರೆ ಟಾಕ್‌ಬ್ಯಾಕಲ್ಲಿ ಮೆಸೇಜ್ ತೆಗೆದು ಕೇಳಿ ವಾಪಸ್ ಬರೋಷ್ಟರಲ್ಲಿ ಟೈಮ್ ಮುಗಿದಿರುತ್ತೆ.

ಹಳದಿ ಕೆಂಪು

ರಾಜ್ಯೋತ್ಸವ ಬಂದ್ರೆ ಎಲ್ಲ ಸೈಟೂ ಹಳದಿ ಮೇಲೆ ಕೆಂಪಕ್ಷರ. ಅಭಿಮಾನ ಸರಿ, ಲೆಕ್ಕ ನೋಡಿ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕಮ್ಮಿ ಅಂದ್ರೆ 4.5ಕ್ಕೆ 1 ಇರ್ಬೇಕು, ದೊಡ್ಡ ಅಕ್ಷರಕ್ಕೆ ಮಾತ್ರ 3 ಆದ್ರೂ ನಡಿಯುತ್ತೆ. ಅಚ್ಚ ಹಳದಿ ಮೇಲೆ ಅಚ್ಚ ಕೆಂಪು ಹಾಕಿದ್ರೆ ಬರೋದು 3.7. ಅಂದ್ರೆ ದಪ್ಪ ಹೆಡ್ಡಿಂಗಿಗೆ ಓಕೆ, ಸಣ್ಣ ಅಕ್ಷರದ ಪ್ಯಾರಾಗೆ ಫೇಲು. ಕೆಂಪನ್ನ ಸ್ವಲ್ಪ ಗಾಢ ಮಾಡಿ, ಬಣ್ಣದ ಕೋಡಲ್ಲಿ ಎಫ್‌ಎಫ್ ಬದಲು ಸಿಸಿ ಕೊಟ್ಟು ನಾಲ್ಕು ಸೊನ್ನೆ ಹಾಕಿ, 5.5ರ ಹತ್ರ ಬರುತ್ತೆ, ಬಾವುಟದ ಬಣ್ಣಾನೂ ಉಳೀತು ಓದೋಕೂ ಆಯ್ತು. ಬಿಳಿ ಮೇಲೆ ಬೂದು ಇಷ್ಟ ಪಡೋರು 767676 ಅನ್ನೋ ಬಣ್ಣದ ಕೋಡ್ ದಾಟಿ ತೆಳು ಮಾಡಬೇಡಿ, ಅದು 4.54, ಗಡಿ ಅಲ್ಲೇ. 999 ಅಂತ ಎಲ್ಲರೂ ಹಾಕ್ತಾರಲ್ಲ ಅದು ಬರೀ 2.85.

ಸಾಲಿನ ಅಂತರದ ವಿಷ್ಯದಲ್ಲಿ ಇಂಗ್ಲಿಷ್ ಟೆಂಪ್ಲೇಟ್ ನಮ್ಗೆ ಆಗಲ್ಲ. ಕನ್ನಡಕ್ಕೆ ಕೆಳಗಡೆ ಒತ್ತು ಇದೆ, 'ರಾಷ್ಟ್ರ', 'ಸ್ತ್ರೀ' ಥರದ್ದು ಬಂದ್ರೆ ಒತ್ತಿನ ಕೆಳಗೆ ಇನ್ನೊಂದು ಒತ್ತು, ಲೈನ್ ಹೈಟ್ 1.2 ಇದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. 1.7, 1.8 ಕೊಡಿ, ಅಕ್ಷರಾನೂ ಇಂಗ್ಲಿಷಿಗಿಂತ ಒಂದೆರಡು ಪಿಕ್ಸೆಲ್ ದೊಡ್ಡದಿರ್ಲಿ. ಅಕ್ಷರಗಳ ಮಧ್ಯೆ ಲೆಟರ್ ಸ್ಪೇಸಿಂಗ್ ಮಾತ್ರ ಕೊಡಬೇಡಿ, ಕನ್ನಡದಲ್ಲಿ ಅದು ಪದಾನ ಬಿಡಿಬಿಡಿ ಮಾಡಿ ಓದೋಕೆ ಇನ್ನೂ ಕಷ್ಟ ಮಾಡುತ್ತೆ. ಬ್ರೌಸರಲ್ಲಿ ಕಂಟ್ರೋಲ್ ಪ್ಲಸ್ ಒತ್ತಿ 400 ಪರ್ಸೆಂಟ್ ಝೂಮ್ ಮಾಡಿ ನೋಡಿ, ಎಡಕ್ಕೆ ಬಲಕ್ಕೆ ಎಳೆದಾಡದೇ ಒಂದೇ ಕಾಲಮ್ಮಲ್ಲಿ ಓದೋ ಹಾಗಿರ್ಬೇಕು.

ಕೇಳಿಸದವ್ರನ್ನ ಮರೀಬೇಡಿ

ವಿಡಿಯೋಗೆ ಕನ್ನಡ ಕ್ಯಾಪ್ಷನ್ ಹಾಕಿ. ತಾನಾಗೇ ಬರೋದನ್ನ ನಂಬಿ ಹಾಗೇ ಬಿಡಬೇಡಿ, ಒಂದ್ಸಲ ತಿದ್ದಿ. ಇದಕ್ಕಿಂತ ದೊಡ್ಡ ತಪ್ಪು ಒಂದಿದೆ, ಎಲ್ಲ ಸೈಟಲ್ಲೂ 'ಹೆಚ್ಚಿನ ಮಾಹಿತಿಗೆ ಕರೆ ಮಾಡಿ' ಅಂತ ಫೋನ್ ನಂಬರೊಂದೇ ಇರುತ್ತೆ, ಕಿವಿ ಕೇಳದವ್ರು ಕರೆ ಮಾಡಿ ಏನು ಮಾಡ್ಬೇಕು? ವಾಟ್ಸಾಪೋ ಈಮೇಲೋ ಒಂದು ಕೊಡಿ. ಜೊತೆಗೆ ಹುಟ್ಟಿನಿಂದ ಕೇಳಿಸದ ಎಷ್ಟೋ ಜನಕ್ಕೆ ಸನ್ನೆ ಭಾಷೆಯೇ ಮೊದಲ ಭಾಷೆ, ಬರಹದ ಕನ್ನಡ ಎರಡನೇದು, ಅವ್ರಿಗೆ 'ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಮೇಲ್ಕಂಡ ದಾಖಲೆಗಳನ್ನು ಲಗತ್ತಿಸತಕ್ಕದ್ದು' ಅಂತ ಕಚೇರಿ ಕನ್ನಡ ಹೊಡೆದ್ರೆ ಕಷ್ಟ. 'ಈ ಮೂರು ಕಾಗದ ತನ್ನಿ' ಅನ್ನಿ. ಕಿವಿ ಕೇಳಿಸೋರಿಗೂ ಆಗ್ಲೇ ಅರ್ಥ ಆಗೋದು.

ಓಡೋ ಅಕ್ಷರ, ತಾನಾಗೇ ತಿರುಗೋ ಸ್ಲೈಡರ್ ಇವು ಐದು ಸೆಕೆಂಡಿಗಿಂತ ಜಾಸ್ತಿ ಓಡೋದಾದ್ರೆ ನಿಲ್ಲಿಸೋ ಬಟನ್ ಇರಲೇಬೇಕು. ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಮಿಂಚೋದು ಯಾವುದೂ ಬೇಡ, ಕೆಲವ್ರಿಗೆ ಅದ್ರಿಂದ ಫಿಟ್ಸ್ ಬರುತ್ತೆ.

ಶಾರ್ಟ್‌ಕಟ್ ಮಾರೋರು

ಸೈಟಿನ ಮೂಲೇಲಿ ಒಂದು ವೀಲ್‌ಚೇರ್ ಚಿಹ್ನೆ ಕೂರಿಸಿ, ಒಂದೇ ಲೈನ್ ಕೋಡ್ ಹಾಕಿದ್ರೆ ಎಲ್ಲ ಸರಿ ಹೋಗುತ್ತೆ ಅಂತ ಮಾರೋ ಕಂಪನಿಗಳಿವೆ. ನಂಬಬೇಡಿ. ಇಂಥದ್ದೇ ಮಾತು ಹೇಳಿದ ಒಂದು ಕಂಪನಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿದೆ. ಅಕ್ಷರ ದೊಡ್ಡದು ಮಾಡೋದು, ಬಣ್ಣ ಬದಲಿಸೋದು ಫೋನಲ್ಲೇ ಬ್ರೌಸರಲ್ಲೇ ಇದೆ, ಒಳಗಿನ ಪೌಂಡ್ ಕಥೆಯನ್ನ ಆ ಚಿಹ್ನೆ ಸರಿ ಮಾಡಲ್ಲ.

ಟೆಸ್ಟ್ ಮಾಡೋಕೆ ಫ್ರೀ ಟೂಲ್ ಇವೆ, ವೇವ್, ಆಕ್ಸ್, ಕ್ರೋಮ್ ಒಳಗೇ ಇರೋ ಲೈಟ್‌ಹೌಸ್. ವೇವ್ ಮಾಡಿರೋ ವೆಬ್‌ಏಮ್ ಸಂಸ್ಥೆಯವ್ರು ಪ್ರತಿ ವರ್ಷ 10 ಲಕ್ಷ ಹೋಮ್‌ಪೇಜ್ ಚೆಕ್ ಮಾಡ್ತಾರೆ, 2025ರಲ್ಲಿ 94.8 ಪರ್ಸೆಂಟ್ ಪೇಜಲ್ಲಿ ತಪ್ಪು ಸಿಕ್ಕಿದೆ, ಆ ತಪ್ಪುಗಳಲ್ಲಿ ಹೆಚ್ಚಿನವು ಬರೀ ಆರು ಥರದ್ದು: ತೆಳು ಬಣ್ಣ, ಆಲ್ಟ್ ಇಲ್ಲದ ಚಿತ್ರ, ಲೇಬಲ್ ಇಲ್ಲದ ಬಾಕ್ಸು, ಖಾಲಿ ಲಿಂಕು, ಖಾಲಿ ಬಟನ್ನು, ಭಾಷೆ ಹೇಳದ ಪೇಜು. ಇವುಗಳಲ್ಲಿ ಹೆಚ್ಚಿನವನ್ನ ಮೇಲೆ ಹೇಳಾಯ್ತು. ಆದ್ರೆ ಲೈಟ್‌ಹೌಸಲ್ಲಿ ನೂರಕ್ಕೆ ನೂರು ಬಂತು ಅಂತ ಸ್ಕ್ರೀನ್‌ಶಾಟ್ ಹಾಕಬೇಡಿ, 'ಬೆ೦ಗಳೂರು' ಒಳಗಿನ ಸೊನ್ನೆ ಯಾವ ಟೂಲಿಗೂ ಕಾಣಲ್ಲ.

ಇಷ್ಟೆಲ್ಲ ಖರ್ಚು ಯಾಕೆ ಅಂತ ಕಮಿಟಿ ಮೀಟಿಂಗಲ್ಲಿ ಕೇಳ್ತಾರೆ, ಅವ್ರಿಗೆ ಹೇಳೋಕೆ ಕಾನೂನು ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಖಾಸಗಿ ಅನ್ನದೇ ಸೇವೆ ಕೊಡೋ ಎಲ್ಲರಿಗೂ ಅನ್ವಯ. 2025ರ ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆ ಎಲ್ಲರಿಗೂ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ತೀರ್ಪು ಕೊಟ್ಟಿದೆ. ಆ ಕೇಸು ಹಾಕಿದವ್ರಲ್ಲಿ ಆಸಿಡ್ ದಾಳಿಗೆ ಒಳಗಾದವ್ರಿದ್ರು, ಇ-ಕೆವೈಸಿಗೆ (ಆನ್‌ಲೈನಲ್ಲಿ ಗುರುತು ಖಚಿತ ಮಾಡೋದಕ್ಕೆ) ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂದ್ರೆ ಅವ್ರಿಗೆ ಮಿಟುಕಿಸೋಕೆ ಆಗಲ್ಲ. ಮತ್ತೆ 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲೇ 13 ಲಕ್ಷದ ಮೇಲೆ ವಿಕಲಚೇತನರಿದಾರೆ, ಠೇವಣಿ ಇಡೋರು ಅವ್ರಲ್ಲೂ ಇದಾರೆ ಅಂತ ಹೇಳಿ, ಕಮಿಟಿಯವ್ರಿಗೆ ಕಾನೂನಿಗಿಂತ ಇದು ಬೇಗ ಹತ್ತುತ್ತೆ.

ಒಂದೇ ಸಲ ಎಲ್ಲ ಆಗಲ್ಲ. ನಂಗೆ ಎರಡು ತಿಂಗಳು ಹಿಡೀತು, ಅದೂ ಮೇಷ್ಟ್ರಿಗೆ ವಾರಕ್ಕೊಂದ್ಸಲ ಲಿಂಕ್ ಕಳಿಸಿ ಕೇಳಿದ್ದಕ್ಕೆ. ಅಂಥವ್ರು ಒಬ್ರು ಸಿಕ್ಕಿದ್ರೆ ಟೆಸ್ಟ್ ಮಾಡಿದ್ದಕ್ಕೆ ಸಂಬಳ ಕೊಡಿ, ಅದೂ ಕೆಲಸಾನೇ. ಮೇಷ್ಟ್ರು ದುಡ್ಡು ಬೇಡ ಅಂದ್ರು, ಎರಡು ಕೆಜಿ ಕಾಫಿಪುಡಿಗೆ ಒಪ್ಪಿದ್ರು. ಈಗ ನೋಟಿಸ್, ಬಡ್ಡಿ ದರ, ಸಾಲದ ಅರ್ಜಿ ಎಲ್ಲ ಓದ್ತಾರೆ. ಹುಟ್ಟಿದ ದಿನಾಂಕ ಹಾಕೋ ಕ್ಯಾಲೆಂಡರ್ ಒಂದು ಬಾಕಿ ಇತ್ತು, 1951ಕ್ಕೆ ಹೋಗೋಕೆ ತಿಂಗಳು ತಿಂಗಳಾಗಿ ಹಿಂದಕ್ಕೆ ಒತ್ತಬೇಕು, ಒಂಬೈನೂರು ಸಲ ಆಗುತ್ತೆ ಅಂತ ಅವ್ರೇ ಲೆಕ್ಕ ಹಾಕಿ ಹೇಳಿದ್ರು. ನಿನ್ನೆ ಅದನ್ನ ಕಿತ್ತುಹಾಕಿ ದಿನ, ತಿಂಗಳು, ವರ್ಷ ಅಂತ ಮೂರು ಬಾಕ್ಸ್ ಇಟ್ಟು ಲಿಂಕ್ ಕಳಿಸಿದೀನಿ, ಇನ್ನೂ ಫೋನ್ ಬಂದಿಲ್ಲ.